ಟೆಸ್ಟ್ ಸರಣಿ ಆ್ಯಪ್‌ಗೆ ಪ್ಲೇ ಬಿಲ್ಲಿಂಗ್ (ಗೂಗಲ್ ಪ್ಲೇ ಸ್ಟೋರಿನದೇ ಪಾವತಿ ವ್ಯವಸ್ಥೆ) ಹಾಕಬೇಕೋ, ಹೊರಗಿನ ಗೇಟ್‌ವೇ ಸಾಕೋ? 99 ರೂಪಾಯಿಯೊಳಗ ಕೈಗೆ ಎಷ್ಟು ಉಳೀತದ?

ತೊಗರಿಕೋಡ್ (ಕಲಬುರಗಿ)

ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಪ್ರಿಲಿಮ್ಸ್‌ಗೆ ಕನ್ನಡದಾಗ ಟೆಸ್ಟ್ ಕೊಡೋ ಆಂಡ್ರಾಯ್ಡ್ ಆ್ಯಪ್. ಒಂದೇ ಆ್ಯಪ್‌ನಾಗ ನಾಕು ಸಾಮಾನು ಮಾರಾಟಕ್ಕ ಅವ: ತಿಂಗಳಿಗೆ 99 ರೂಪಾಯಿಯ ಟೆಸ್ಟ್ ಸರಣಿ, ರೆಕಾರ್ಡ್ ಮಾಡಿದ ವಿಡಿಯೊ ಪಾಠ, ಕೊರಿಯರ್‌ನಾಗ ಹೋಗೋ ಮುದ್ರಿತ ನೋಟ್ಸ್, ಶನಿವಾರ-ರವಿವಾರದ ಕ್ಲಾಸ್‌ರೂಮ್ ಬ್ಯಾಚಿನ ಫೀ. ನಾಕಕ್ಕೂ ಒಂದೇ ಪೇಮೆಂಟ್ ಗೇಟ್‌ವೇ, ಅಂದ್ರ ಕಾರ್ಡ್-ಯುಪಿಐ ರೊಕ್ಕ ತಗೊಳ್ಳೋ ಹೊರಗಿನ ಸೇವೆ. ಈಗ ಗೂಗಲ್‌ನ ಪ್ಲೇ ಕನ್ಸೋಲ್‌ನಿಂದ (ಆ್ಯಪ್ ಏರಿಸೋ ತಾಣ) ಪಾವತಿ ನೀತಿ ಉಲ್ಲಂಘನೆ ಅಂತ ಮೇಲ್ ಬಂದದ, ಅಪ್‌ಡೇಟ್ ತಿರಸ್ಕಾರ ಆಗ್ಯದ.

ಕೇಳೋದು ಇಷ್ಟು. ಯಾವ ಸಾಮಾನಿಗೆ ಪ್ಲೇ ಬಿಲ್ಲಿಂಗ್ ಕಡ್ಡಾಯ? ಕಮಿಷನ್ ಹೋಗಿ 99ರಾಗ ಎಷ್ಟು ಉಳೀತದ? ಈಗಾಗಲೇ ಗೇಟ್‌ವೇ ಮೂಲಕ ರೊಕ್ಕ ಕೊಟ್ಟ ಹುಡುಗರನ್ನ ಏನು ಮಾಡೋದು?

ಜಗತ್‌ಸರ್ಕಲ್ (ಕಲಬುರಗಿ)

ಗೂಗಲ್ ಕಮಿಷನ್ ನೂರಕ್ಕ ಮೂವತ್ತು ರೀ! ಗಂಜ್‌ನಾಗ ಅಡತ್ಯಾ ಸುದ್ದಾ ಇಷ್ಟು ಕಡಿಯಂಗಿಲ್ಲ. ಅವನರೆ ತೊಗರಿ ತೂಕ ಮಾಡಿ, ಚೀಲ ಹೊಲಿಸಿ ಕೊಡ್ತಾನ. ಆ್ಯಪ್‌ನಾಗಿಂದ ಗೇಟ್‌ವೇ ತೆಗೆದು, ಒಂದು ಕ್ಯೂಆರ್ ಚಿತ್ರ ಇಡ್ರಿ. "ಇಲ್ಲಿ ಕಳಿಸಿ, ಸ್ಕ್ರೀನ್‌ಶಾಟ್ ವಾಟ್ಸ್ಯಾಪ್ ಮಾಡಿ, ಕೋಡ್ ಕೊಡ್ತೀವಿ" ಅಂತ ಬರೀರಿ. ಮುಗೀತು.

ಬಿದ್ರಿಬೈಟ್ (ಬೀದರ್)

ಮುಗಿಯೋದು ಆ್ಯಪ್ ಅಷ್ಟೇ. ಕ್ಯೂಆರ್, ವಾಟ್ಸ್ಯಾಪ್ ನಂಬರ್, ವೆಬ್‌ವ್ಯೂ (ಆ್ಯಪ್ ಒಳಗೇ ತೆರೆಯುವ ವೆಬ್ ಪುಟ), "ನಮ್ಮ ಸೈಟಿನಲ್ಲಿ ಕೊಳ್ಳಿ" ಎಂಬ ಬಟನ್, ಎಲ್ಲವೂ ಪ್ಲೇ ಲೆಕ್ಕದಲ್ಲಿ ಒಂದೇ: ಆ್ಯಪ್ ಒಳಗಿಂದ ಬಳಕೆದಾರನನ್ನು ಬೇರೆ ಪಾವತಿಗೆ ಕರೆದೊಯ್ಯುವುದು. ಆ್ಯಪಲ್ ಅಂತೂ 3.1.1ನೇ ನಿಯಮದಲ್ಲಿ ಲೈಸೆನ್ಸ್ ಕೀ, ಕ್ಯೂಆರ್ ಕೋಡ್ ಅಂತ ಹೆಸರು ಹಿಡಿದೇ ಬೇಡ ಎಂದಿದೆ.

ಕಮಿಷನ್ನಿಗಿಂತ ಮೊದಲು ಸಾಮಾನು ವಿಂಗಡಿಸಿ. ಹೆಚ್ಚಿನ ಆ್ಯಪ್‌ಗಳು ಸಿಕ್ಕಿಬೀಳುವುದು ಇಲ್ಲೇ.

ಟೆಸ್ಟ್ ಸರಣಿ ಮತ್ತು ರೆಕಾರ್ಡ್ ಮಾಡಿದ ವಿಡಿಯೊ: ಫೋನಿನೊಳಗೇ ಬಳಸಿ ಮುಗಿಸುವ ಡಿಜಿಟಲ್ ಸರಕು. ಪ್ಲೇ ಬಿಲ್ಲಿಂಗ್ ಬೇಕೇ ಬೇಕು.

ಮುದ್ರಿತ ನೋಟ್ಸ್ ಮತ್ತು ಕ್ಲಾಸ್‌ರೂಮ್ ಫೀ: ಒಂದು ಕೈಗೆ ಸಿಗುವ ವಸ್ತು, ಇನ್ನೊಂದು ಎದುರಿಗೆ ಕೂತು ಪಡೆಯುವ ಸೇವೆ. ಇವೆರಡಕ್ಕೆ ಪ್ಲೇ ಬಿಲ್ಲಿಂಗ್ ಬೇಡ ಎನ್ನುವುದಷ್ಟೇ ಅಲ್ಲ, ಹಾಕುವಂತೆಯೇ ಇಲ್ಲ. ನಿಮ್ಮ ಗೇಟ್‌ವೇ ಹಾಗೇ ಇರಲಿ, ಇದಕ್ಕೆ ಕಮಿಷನ್ ಸೊನ್ನೆ.

ಇಲ್ಲಿಯದೇ ಉದಾಹರಣೆ ಬೇಕೆಂದರೆ: ಬಿದ್ರಿ ಹೂದಾನಿ ಮಾರುವ ಆ್ಯಪ್‌ಗೆ ಗೇಟ್‌ವೇ ಸರಿ. ಅದೇ ಆ್ಯಪ್‌ನಲ್ಲಿ "ಬೆಳ್ಳಿ ತಂತಿ ಕೂರಿಸುವುದು ಹೇಗೆ" ಎಂಬ 12 ವಿಡಿಯೊಗಳ ಕೋರ್ಸ್ ಇಟ್ಟರೆ ಅದಕ್ಕೆ ಪ್ಲೇ ಬಿಲ್ಲಿಂಗ್. ಎರಡನ್ನೂ ಒಂದೇ ಕಾರ್ಟಿಗೆ ಹಾಕಬೇಡಿ, ಕಾರ್ಟ್ ಬೇರೆ, ಚೆಕೌಟ್ ಬೇರೆ ಇರಲಿ. "ನೋಟ್ಸ್ ಪುಸ್ತಕ + ಟೆಸ್ಟ್, ಸೇರಿ 249" ಎಂಬ ಕಟ್ಟು ಇದ್ದರೆ ಮೊದಲು ಅದನ್ನು ಒಡೆಯಿರಿ. ಗೂಗಲ್ ವಿಮರ್ಶಕರ ಕಣ್ಣು ಮೊದಲು ಬೀಳುವುದೇ ಅಂಥ ಪರದೆಯ ಮೇಲೆ.

ಮಂಡಿ ದರ ತಿಳಿಸುವ ಆ್ಯಪ್‌ಗಳಿಗೂ ಇದೇ. ತೊಗರಿ ದರದ ಅಲರ್ಟ್‌ಗೆ ಚಂದಾ ಇಟ್ಟರೆ ಅದು ಡಿಜಿಟಲ್, ಟ್ರ್ಯಾಕ್ಟರ್ ಬಾಡಿಗೆ ಬುಕಿಂಗ್ ಭೌತಿಕ ಸೇವೆ.

ಲೆಕ್ಕದಪುಸ್ತಕ (ಕಲಬುರಗಿ)

30ರ ಮಾತು ಸಣ್ಣವರಿಗೆ ಅನ್ವಯಿಸುವುದಿಲ್ಲ, ಆದರೆ ಒಂದು ಷರತ್ತಿದೆ.

ಪ್ಲೇನಲ್ಲಿ ವರ್ಷದ ಮೊದಲ 10 ಲಕ್ಷ ಡಾಲರ್ ಗಳಿಕೆಯ ತನಕ ಸೇವಾ ಶುಲ್ಕ ಶೇ 15, ಅದರಾಚೆ ಶೇ 30. ತಾನಾಗಿ ನವೀಕರಣವಾಗುವ ಚಂದಾಕ್ಕೆ 2022ರ ಜನವರಿಯಿಂದ ಮೊದಲ ದಿನದಿಂದಲೇ ಶೇ 15. ಷರತ್ತು ಏನೆಂದರೆ, ಚಂದಾ ಅಲ್ಲದ ಮಾರಾಟಕ್ಕೆ ಆ 15 ತಾನಾಗಿ ಬರುವುದಿಲ್ಲ. ಕನ್ಸೋಲ್‌ನಲ್ಲಿ ಅಕೌಂಟ್ ಗ್ರೂಪ್ ರಚಿಸಿ, ನಿಮ್ಮವೇ ಬೇರೆ ಅಕೌಂಟ್ ಇದ್ದರೆ ಅದರಲ್ಲಿ ಸೇರಿಸಿ, ನಿಯಮ ಒಪ್ಪಿ ನೋಂದಾಯಿಸಬೇಕು. ಈ ಹೆಜ್ಜೆ ಬಿಟ್ಟವರಿಗೆ ಮೊದಲ ರೂಪಾಯಿಯಿಂದಲೇ 30 ಕಡಿತ. ವರದಿಯಲ್ಲಿ ಅದು ಕಂಡಾಗ "ಗೂಗಲ್ ದರ ಏರಿಸಿದೆ" ಅಂತ ಬೈಯುವವರಲ್ಲಿ ಅರ್ಧ ಜನ ಈ ಫಾರಂ ತುಂಬದವರೇ ಇರಬಹುದು.

ಈಗ 99ರ ಲೆಕ್ಕ, ತೆರಿಗೆ ಬದಿಗಿಟ್ಟು:

ಪ್ಲೇ ಬಿಲ್ಲಿಂಗ್: 99ರ ಶೇ 15 ಅಂದರೆ 14.85. ಉಳಿಯುವುದು 84.15.

ಬಳಕೆದಾರರ ಆಯ್ಕೆಯ ಬಿಲ್ಲಿಂಗ್, ಅಂದರೆ ಪ್ಲೇ ಪಕ್ಕದಲ್ಲಿ ನಿಮ್ಮ ಗೇಟ್‌ವೇಯನ್ನೂ ತೋರಿಸುವುದು: ಬಳಕೆದಾರ ನಿಮ್ಮದನ್ನು ಆರಿಸಿದರೆ ಗೂಗಲ್ ಶುಲ್ಕ 4 ಅಂಶ ಇಳಿದು ಶೇ 11, ಅಂದರೆ 10.89. ಗೇಟ್‌ವೇ ಶೇ 2, ಅದರ ಮೇಲೆ ಶೇ 18 ಜಿಎಸ್‌ಟಿ ಎಂದು ಹಿಡಿದರೆ 2.34. ಒಟ್ಟು 13.23, ಉಳಿಯುವುದು 85.77.

ವ್ಯತ್ಯಾಸ 1 ರೂಪಾಯಿ 62 ಪೈಸೆ. ಸಾವಿರ ಮಂದಿ ಕೊಂಡು, ಎಲ್ಲರೂ ನಿಮ್ಮ ಗೇಟ್‌ವೇಯನ್ನೇ ಆರಿಸಿದರೆ 1,620 ರೂಪಾಯಿ. ಅರ್ಧ ಜನ ಆರಿಸಿದರೆ 810.

ಸೈಟಿನಲ್ಲಷ್ಟೇ ಮಾರಿ, ಆ್ಯಪ್‌ನಲ್ಲಿ ಲಾಗಿನ್ ಮಾತ್ರ ಇಟ್ಟರೆ: ಗೇಟ್‌ವೇಯ 2.34 ಮಾತ್ರ ಖರ್ಚು, ಕೈಗೆ 96.66.

ಜಗತ್‌ಸರ್ಕಲ್

ಹಂಗಾದ್ರ ಮೂರನೇದು ಮಾಡ್ರಿ. 96 ಬಿಟ್ಟು 84 ಯಾಕ ತಗೋಬೇಕು?

ಬಿದ್ರಿಬೈಟ್

ಮಾಡಬಹುದು, ನಿಯಮದ ಒಳಗೇ ಇದೆ. ಹೊರಗೆ ಕೊಂಡದ್ದನ್ನು ಲಾಗಿನ್ ಆಗಿ ಬಳಸುವ ಆ್ಯಪ್‌ಗೆ ಗೂಗಲ್ ಶುಲ್ಕ ಕೇಳುವುದಿಲ್ಲ. ಆದರೆ ಬೀಗ ಹಾಕಿದ ಟೆಸ್ಟ್ ಒತ್ತಿದ ಹುಡುಗನಿಗೆ ಆ ಪರದೆಯಲ್ಲಿ ಕೊಳ್ಳುವ ದಾರಿ ತೋರಿಸುವಂತಿಲ್ಲ. ಅವನು ಆ್ಯಪ್ ಮುಚ್ಚಿ, ಬ್ರೌಸರ್ ತೆರೆದು, ನಿಮ್ಮ ಸೈಟಿನ ಹೆಸರು ನೆನಪಿಟ್ಟು ಟೈಪ್ ಮಾಡಿ, ಲಾಗಿನ್ ಆಗಿ, ರೊಕ್ಕ ಕಟ್ಟಿ, ಮತ್ತೆ ಆ್ಯಪ್‌ಗೆ ಬರಬೇಕು. ನೂರರಲ್ಲಿ 13 ಜನ ನಡುವೆ ಕೈಬಿಟ್ಟರೂ ನಿಮ್ಮ 12 ರೂಪಾಯಿ 51 ಪೈಸೆಯ ಲಾಭ ಅಲ್ಲಿಗೆ ಅಲ್ಲಿಗೇ.

ಈಮೇಲ್, ಎಸ್‌ಎಂಎಸ್, ಕ್ಲಾಸಿನ ಗೋಡೆ ಮೇಲಿನ ಪೋಸ್ಟರ್, ಇವು ಆ್ಯಪ್‌ನ ಹೊರಗಿನವು. ಅಲ್ಲಿ ಸೈಟಿನ ಬೆಲೆ ಹೇಳಲು ತಡೆ ಇಲ್ಲ. ಕ್ಲಾಸ್‌ರೂಮ್ ಬ್ಯಾಚ್ ಇರುವವರಿಗೆ ಈ ದಾರಿ ಖಂಡಿತ ನಡೆಯುತ್ತದೆ, ಹುಡುಗರು ವಾರವಾರ ಎದುರಿಗೇ ಸಿಗುತ್ತಾರಲ್ಲ. ಪ್ಲೇ ಹುಡುಕಾಟದಿಂದ ಬರುವವರಿಗೆ ನಡೆಯುವುದಿಲ್ಲ.

ಆಯ್ಕೆಯ ಬಿಲ್ಲಿಂಗ್ ಬಗ್ಗೆ: ಆ 1.62ಕ್ಕೆ ಮಾಡಬೇಕಾದ ಕೆಲಸ ನೋಡಿ. ನೋಂದಣಿ, ಗೂಗಲ್ ಹೇಳಿದ ವಿನ್ಯಾಸದ ಆಯ್ಕೆ ಪರದೆ, ಹೊರಗೆ ನಡೆದ ಪ್ರತಿ ವ್ಯವಹಾರವನ್ನು ಟೋಕನ್ (ಆ ಖರೀದಿಯ ಗುರುತು) ಸಮೇತ 24 ಗಂಟೆಯೊಳಗೆ ಎಪಿಐ (ಸರ್ವರ್‌ಗಳು ಮಾತಾಡಿಕೊಳ್ಳುವ ಕೊಂಡಿ) ಮೂಲಕ ವರದಿ ಮಾಡುವುದು, ಮರುಪಾವತಿಯನ್ನೂ ವರದಿ ಮಾಡುವುದು, ತಕರಾರಿಗೆ ನಿಮ್ಮದೇ ಸಹಾಯವಾಣಿ. ತಿಂಗಳ ಕೊನೆಗೆ ಗೂಗಲ್ ನಿಮಗೇ ಬಿಲ್ ಕಳಿಸುತ್ತದೆ. ದೊಡ್ಡ ಕಂಪನಿಗೆ ಇದು ಲಾಭ ಇರಬಹುದು, ಇಬ್ಬರೇ ನಡೆಸುವ ಆ್ಯಪ್‌ಗೆ ನನ್ನ ಮತ ಬೇಡ.

ಜಗತ್‌ಸರ್ಕಲ್

ಅದೇ ನಾ ಹೇಳೋದು. ಸಿಸಿಐ (ಭಾರತೀಯ ಸ್ಪರ್ಧಾ ಆಯೋಗ) 2022ರ ಅಕ್ಟೋಬರ್ 25ಕ್ಕ ಈ ಬಿಲ್ಲಿಂಗ್ ಸಲುವಾಗೇ ಗೂಗಲ್‌ಗೆ 936.44 ಕೋಟಿ ದಂಡ ಹಾಕ್ತು. ಹೊರಗಿನ ಪಾವತಿಗೆ ಬಾಗಿಲು ತೆಗೀರಿ ಅಂತು. ಇವರು ಬಾಗಿಲು ತೆಗೆದು, ಹೊಸ್ತಿಲ ಮ್ಯಾಲ ಕೂತು 11 ವಸೂಲಿ ಮಾಡ್ಲಿಕತ್ತಾರ. 2024ರ ಮಾರ್ಚ್ 1ಕ್ಕ ಹತ್ತು ಭಾರತೀಯ ಕಂಪನಿಗಳ ಆ್ಯಪ್ ಕಿತ್ತು ಒಗೆದ್ರು. ಮ್ಯಾಟ್ರಿಮೊನಿ, ನೌಕ್ರಿ ಅಂಥವೇ ಹೋದ್ವು. ಕೇಂದ್ರ ಮಂತ್ರಿ ನಡುವ ಬಂದ ಮ್ಯಾಲ ತಿರುಗಿ ಇಟ್ರು. ಅವರಿಗೆ ದಿಲ್ಲಿಯೊಳಗ ಕೇಳೋರು ಇದ್ರು. ಯಾದಗಿರಿಯ ಹುಡುಗ ಮಾಡಿದ ಆ್ಯಪ್ ಕಿತ್ತರ ಯಾರು ಕೇಳ್ತಾರ?

ಲೆಕ್ಕದಪುಸ್ತಕ

ಆ ದಂಡವನ್ನು ಮೇಲ್ಮನವಿ ನ್ಯಾಯಮಂಡಳಿ ಎನ್‌ಸಿಎಲ್‌ಎಟಿ 2025ರ ಮಾರ್ಚ್‌ನಲ್ಲಿ 216.69 ಕೋಟಿಗೆ ಇಳಿಸಿತು, ವ್ಯಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಆ 11ರ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ. ತಾನು ನಡೆಸದ ಪಾವತಿಗೆ ಶುಲ್ಕ ಯಾಕೆ ಎಂಬುದಕ್ಕೆ ಗೂಗಲ್ ಕೊಡುವ ಉತ್ತರ, ಅದು ಪಾವತಿಯ ಶುಲ್ಕವಲ್ಲ, ಅಂಗಡಿಯ ಶುಲ್ಕ ಎಂದು. ಹಾಗಿದ್ದರೆ ಬಿದ್ರಿ ಹೂದಾನಿಗೆ ಯಾಕೆ ಸೊನ್ನೆ ಎಂದು ಕೇಳಿದರೆ ಆ ಉತ್ತರ ಅಲ್ಲಿಗೇ ನಿಲ್ಲುತ್ತದೆ. ಆದರೆ ತೀರ್ಪು ಬರುವ ತನಕ ತಿರಸ್ಕಾರವಾದ ಅಪ್‌ಡೇಟ್ ಕಾಯುವುದಿಲ್ಲ.

ಶಹಾಪುರಬೆಟ್ಟ (ಯಾದಗಿರಿ)

ಕೊಳ್ಳುವವರ ಕಡೆಯಿಂದ ಎರಡು ಮಾತು. ಪ್ಲೇ ಬಿಲ್ಲಿಂಗ್ ಇದ್ದರೆ ಹುಡುಗರಿಗೆ ಒಂದು ಅನುಕೂಲ ಇದೆ: ಖರೀದಿಯಾದ 48 ಗಂಟೆಯೊಳಗೆ ಮರುಪಾವತಿ ಬೇಕಾದರೆ ಗೂಗಲ್‌ಗೇ ಕೇಳಬಹುದು. ಅದು ದಾಟಿದರೆ ಆ್ಯಪ್ ಮಾಡಿದವರನ್ನೇ ಹಿಡಿಯಬೇಕು. ವಾಟ್ಸ್ಯಾಪ್ ಸ್ಕ್ರೀನ್‌ಶಾಟ್ ವ್ಯವಹಾರದಲ್ಲಿ ಇದೇನೂ ಇಲ್ಲ. ನಂಬರ್ ಬ್ಲಾಕ್ ಆದರೆ ರೊಕ್ಕ ಹೋದಂತೆಯೇ.

ಹೆಚ್ಚು ಜನ ಮೋಸ ಹೋದೆವು ಎಂದುಕೊಳ್ಳುವುದು ಚಂದಾದಲ್ಲಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ತೆರೆದು, ಪ್ರೊಫೈಲ್ ಚಿತ್ರ ಒತ್ತಿ, ಪಾವತಿಗಳು ಮತ್ತು ಚಂದಾದಾರಿಕೆಗಳು, ಅದರೊಳಗೆ ಚಂದಾದಾರಿಕೆಗಳು, ಅಲ್ಲಿ ರದ್ದು. ಯುಪಿಐ ಮೂಲಕ ಕಟ್ಟಿದ್ದರೆ ಯುಪಿಐ ಆ್ಯಪ್‌ನ ಆಟೊಪೇ ಪಟ್ಟಿಯಲ್ಲೂ ಆ ಮ್ಯಾಂಡೇಟ್ (ತಾನಾಗಿ ಕಡಿಯಲು ಕೊಟ್ಟ ಒಪ್ಪಿಗೆ) ಕಾಣುತ್ತದೆ. ಮುಂದಿನ ಕಡಿತಕ್ಕೆ 24 ಗಂಟೆ ಮೊದಲು ಸೂಚನೆ ಬರಬೇಕು, ಇದು ಆರ್‌ಬಿಐ ನಿಯಮ. ಆ ಎಸ್‌ಎಂಎಸ್ ಅನ್ನು ಜಾಹೀರಾತು ಎಂದು ಅಳಿಸಬೇಡಿ.

ತೊಗರಿಕೋಡ್ ಅವರೇ, ಈ ರದ್ದಿನ ದಾರಿಯನ್ನು ನಿಮ್ಮ ಆ್ಯಪ್‌ನ ಪ್ರೊಫೈಲ್ ಪುಟದಲ್ಲಿ ಕನ್ನಡದಲ್ಲೇ ಬರೆದುಬಿಡಿ. ಒಂದು ಸ್ಟಾರ್ ರೇಟಿಂಗ್ ಅರ್ಧಕ್ಕರ್ಧ ಕಡಿಮೆಯಾದರೂ ಆಶ್ಚರ್ಯ ಇಲ್ಲ.

ತೊಗರಿಕೋಡ್

ವಿಂಗಡಣೆ ತಿಳೀತು. ನೋಟ್ಸ್, ಕ್ಲಾಸ್ ಫೀ ಗೇಟ್‌ವೇಯಾಗೇ ಇರ್ತಾವ, ಟೆಸ್ಟ್-ವಿಡಿಯೊ ಪ್ಲೇಗೆ. ಆಟೊಪೇ ಬಗ್ಗೆ ಒಂದು ಅನುಮಾನ: ಹುಡುಗರ ಖಾತೆಯೊಳಗ ತಿಂಗಳ ಕೊನೀಗೆ 40-50 ರೂಪಾಯಿ ಇರ್ತದ. ನವೀಕರಣ ಫೇಲಾದ್ರ?

ಬಿದ್ರಿಬೈಟ್

ಫೇಲಾಗುತ್ತದೆ, ಖಂಡಿತ. ಮೊದಲು ಗ್ರೇಸ್ ಅವಧಿ, ಆಗ ಬಳಕೆ ಮುಂದುವರಿಯಬೇಕು. ಆಮೇಲೆ ಅಕೌಂಟ್ ಹೋಲ್ಡ್, ಆಗ ಬಾಗಿಲು ಮುಚ್ಚಬೇಕು. ಆಗಲೂ ರೊಕ್ಕ ಬರದಿದ್ದರೆ ಚಂದಾ ರದ್ದು. ಈ ಮೂರನ್ನೂ ನಿಮ್ಮ ಸರ್ವರ್ ಬೇರೆ ಬೇರೆಯಾಗಿ ಗುರುತಿಸಬೇಕು. ಹೋಲ್ಡ್‌ನಲ್ಲಿರುವವನಿಗೆ ತಿಂಗಳಿಡೀ ಟೆಸ್ಟ್ ಕೊಡುವ ಆ್ಯಪ್‌ಗಳು ಬೇಕಾದಷ್ಟಿವೆ.

ನಿಮ್ಮ ಹುಡುಗರಿಗೆ ತಾನಾಗಿ ನವೀಕರಣ ಬೇಡವೇ ಬೇಡ. ಪ್ಲೇನಲ್ಲಿ ಪ್ರೀಪೇಯ್ಡ್ ಪ್ಲಾನ್ ಇದೆ, ಮೊಬೈಲ್ ರೀಚಾರ್ಜ್ ಇದ್ದಂತೆ. ಒಂದು ತಿಂಗಳಿಗೆ ಕಟ್ಟು, ಮುಗಿದರೆ ಮತ್ತೆ ಕಟ್ಟು, ಮ್ಯಾಂಡೇಟ್ ಇಲ್ಲ. ಪರೀಕ್ಷೆ ಅಧಿಸೂಚನೆ ಬಂದ ತಿಂಗಳು ಕೊಳ್ಳುತ್ತಾರೆ, ಇಲ್ಲದ ತಿಂಗಳು ಬಿಡುತ್ತಾರೆ. ತಾನಾಗಿ ಕಡಿತವಾಗದ್ದರಿಂದ ಜಗಳವೂ ಇಲ್ಲ.

ಇನ್ನು ಎಲ್ಲರೂ ಎಡವುವ ಕಲ್ಲು, ಇದನ್ನು ನಿಧಾನವಾಗಿ ಓದಿ.

ಖರೀದಿ ಯಶಸ್ವಿಯಾದ ಮೇಲೆ "ಸಿಕ್ಕಿತು, ಸರಕು ಕೊಟ್ಟೆವು" ಎಂದು ನಿಮ್ಮ ಕಡೆಯಿಂದ ಗೂಗಲ್‌ಗೆ ಅಕ್ನಾಲೆಜ್ ಹೋಗಬೇಕು. ಮೂರು ದಿನದೊಳಗೆ ಹೋಗದಿದ್ದರೆ ರೊಕ್ಕ ತಾನಾಗಿ ಬಳಕೆದಾರನಿಗೆ ವಾಪಸ್. ಪ್ರೀಪೇಯ್ಡ್ ಪ್ಲಾನ್ ಒಂದು ವಾರಕ್ಕಿಂತ ಚಿಕ್ಕದಿದ್ದರೆ ಅವಧಿಯ ಅರ್ಧದೊಳಗೇ ಹೋಗಬೇಕು.

ಈಗ ಒಬ್ಬ ಹುಡುಗ ಸಂಜೆ ರೈಲಿನಲ್ಲಿ ಕೂತಿದ್ದಾನೆ ಎಂದುಕೊಳ್ಳಿ. ವಾಡಿ ಬಿಟ್ಟ ಮೇಲೆ 99 ಕಟ್ಟಿದ, ಯುಪಿಐ ಪಿನ್ ಹಾಕಿದ, ನೆಟ್‌ವರ್ಕ್ ಹೋಯಿತು. ಬ್ಯಾಂಕಿನಿಂದ ಉತ್ತರ ಬರುವ ತನಕ ಆ ಖರೀದಿ ಪೆಂಡಿಂಗ್. ಆಗ ಟೆಸ್ಟ್ ತೆರೆದುಕೊಟ್ಟರೆ, ಪಾವತಿ ಬಿದ್ದುಹೋದಾಗ ಪುಕ್ಕಟೆ ಕೊಟ್ಟಂತೆ. ಇನ್ನೊಂದು ಕಡೆ, ಪಾವತಿ ಹತ್ತು ನಿಮಿಷದ ಮೇಲೆ ಸರಿಯಾದರೆ ಆಗ ನಿಮ್ಮ ಆ್ಯಪ್ ತೆರೆದೇ ಇಲ್ಲ. ಆ್ಯಪ್‌ನೊಳಗಿನ ಕಾಲ್‌ಬ್ಯಾಕ್ (ತೆರೆದಿರುವ ಆ್ಯಪ್‌ಗೆ ಬರುವ "ಖರೀದಿ ಆಯಿತು" ಸೂಚನೆ) ಒಂದನ್ನೇ ನಂಬಿದ್ದರೆ ಅಕ್ನಾಲೆಜ್ ಹೋಗುವುದಿಲ್ಲ. ಅವನು ಮೂರು ದಿನ ಆ್ಯಪ್ ತೆರೆಯದಿದ್ದರೆ ನಾಲ್ಕನೇ ದಿನ ರೊಕ್ಕ ಅವನ ಖಾತೆಗೆ, ಬೈಗುಳ ನಿಮ್ಮ ರಿವ್ಯೂಗೆ.

ಮದ್ದು ಎರಡು, ಎರಡೂ ಬೇಕು. ಆ್ಯಪ್ ಮುನ್ನೆಲೆಗೆ ಬಂದಾಗಲೆಲ್ಲ ಖರೀದಿಗಳ ಪಟ್ಟಿಯನ್ನು ಮತ್ತೆ ಕೇಳುವುದು ಒಂದು. ಗೂಗಲ್‌ನ ರಿಯಲ್ ಟೈಮ್ ಸೂಚನೆಯನ್ನು ಪಬ್‌ಸಬ್ (ಗೂಗಲ್‌ನ ಸಂದೇಶ ಸೇವೆ) ಮೂಲಕ ನಿಮ್ಮ ಸರ್ವರ್‌ಗೆ ತರಿಸಿ, ಅಲ್ಲೇ ಟೋಕನ್ ಪರಿಶೀಲಿಸಿ, ಅಲ್ಲಿಂದಲೇ ಅಕ್ನಾಲೆಜ್ ಮಾಡುವುದು ಇನ್ನೊಂದು.

ಚಂದಾ ಅಲ್ಲದ ಬಿಡಿ ಖರೀದಿಯಲ್ಲಿ ಒಂದು ಬಲೆ: ಫೋನಿನ ಬಿಲ್ಲಿಂಗ್ ಲೈಬ್ರರಿಯಲ್ಲಿ (ಆ್ಯಪ್‌ಗೆ ಸೇರಿಸುವ ಗೂಗಲ್ ಕೋಡ್) "ಕೊಂಡಾಯಿತು" ಸ್ಥಿತಿಯ ಅಂಕಿ 1. ಸರ್ವರ್ ಎಪಿಐಯಲ್ಲಿ ಅದೇ ಸ್ಥಿತಿಗೆ 0, ಅಲ್ಲಿ 1 ಅಂದರೆ ರದ್ದಾದದ್ದು. ಪೆಂಡಿಂಗ್ ಮಾತ್ರ ಎರಡೂ ಕಡೆ 2. ಫೋನಿನ ಕೋಡನ್ನು ಸರ್ವರ್‌ಗೆ ನಕಲು ಮಾಡಿದವರು ರೊಕ್ಕ ಕೊಟ್ಟವರನ್ನು ಹೊರಗಿಟ್ಟು, ರದ್ದಾದವರನ್ನು ಒಳಗೆ ಬಿಡುತ್ತಾರೆ.

ಶಹಾಪುರಬೆಟ್ಟ

ಈ ಪಾವತಿ ಕೋಡನ್ನು ಪರೀಕ್ಷಿಸಲು ಒಂದು ಸೂಚನೆ. ಕನ್ಸೋಲ್‌ನ ಲೈಸೆನ್ಸ್ ಟೆಸ್ಟರ್ ಪಟ್ಟಿಗೆ ನಿಮ್ಮ ಜಿಮೇಲ್ ಸೇರಿಸಿದರೆ ನಿಜ ರೊಕ್ಕ ಹೋಗುವುದಿಲ್ಲ. ಅಲ್ಲಿ "ನಿಧಾನ ಕಾರ್ಡ್" ಎಂದು ಎರಡು ಸಿಗುತ್ತವೆ, ಕೆಲ ನಿಮಿಷದ ಮೇಲೆ ಒಪ್ಪುವುದು ಒಂದು, ನಿರಾಕರಿಸುವುದು ಇನ್ನೊಂದು. ರೈಲಿನ ಹುಡುಗನ ಪರಿಸ್ಥಿತಿ ನೋಡಲು ಅವೇ ಬೇಕು. ಟೆಸ್ಟರ್‌ಗಳಿಗೆ ಅಕ್ನಾಲೆಜ್ ಗಡುವು ಮೂರು ದಿನ ಅಲ್ಲ, ಮೂರು ನಿಮಿಷ. ಹಾಗಾಗಿ ಡಿಬಗರ್‌ನಲ್ಲಿ ಕೋಡನ್ನು ನಡುವೆ ನಿಲ್ಲಿಸಿಕೊಂಡು ಚಹಾಕ್ಕೆ ಎದ್ದು ಹೋದರೆ ಮರಳಿ ಬರುವಷ್ಟರಲ್ಲಿ ಖರೀದಿ ರದ್ದು. ತಿಂಗಳ ಚಂದಾ ಟೆಸ್ಟರ್‌ಗಳಿಗೆ 5 ನಿಮಿಷಕ್ಕೊಮ್ಮೆ ನವೀಕರಣವಾಗುತ್ತದೆ.

ತೊಗರಿಕೋಡ್

ಹಳೇ ಹುಡುಗರು?

ಬಿದ್ರಿಬೈಟ್

ಅವರನ್ನು ಮುಟ್ಟಬೇಡಿ. ಬೇರೆ ಕಡೆ ಕೊಂಡದ್ದನ್ನು ಲಾಗಿನ್ ಆಗಿ ಬಳಸಲು ತಡೆಯಿಲ್ಲ. ಸರ್ವರ್‌ನಲ್ಲಿ ಪ್ರತಿ ಅಕೌಂಟಿಗೆ "ಹಕ್ಕು ಎಲ್ಲಿಂದ ಬಂತು, ಎಂದಿನವರೆಗೆ" ಎಂಬ ಎರಡು ಕಾಲಂ ಸಾಕು: ಗೇಟ್‌ವೇ ಅಥವಾ ಪ್ಲೇ, ಮತ್ತು ದಿನಾಂಕ. ಅವಧಿ ಮುಗಿದ ದಿನ ಆ್ಯಪ್ ಒಳಗೆ ಪ್ಲೇ ಪರದೆ ಮಾತ್ರ ತೋರಿಸಿ.

ಹೊಸ ಅಪ್‌ಡೇಟ್ ಹಾಕುವಾಗ ಇಂಟರ್ನಲ್, ಕ್ಲೋಸ್ಡ್ ಟ್ರ್ಯಾಕ್‌ಗಳಲ್ಲಿ (ಆಯ್ದ ಕೆಲವರಿಗೆ ಪರೀಕ್ಷೆಗೆ ಕೊಡುವವು) ಕೂತಿರುವ ಆ್ಯಪ್‌ನ ಹಳೆಯ ಬಿಲ್ಡ್‌ಗಳನ್ನೂ ಬದಲಿಸಿ. ಪ್ರೊಡಕ್ಷನ್ (ಎಲ್ಲರಿಗೂ ಸಿಗುವ ಆವೃತ್ತಿ) ಸರಿಮಾಡಿ ಅವನ್ನು ಮರೆತವರಿಗೆ ಅದೇ ತಿರಸ್ಕಾರದ ಮೇಲ್ ಮತ್ತೆ ಬರುತ್ತದೆ. ಬಿಲ್ಲಿಂಗ್ ಲೈಬ್ರರಿಯನ್ನು ಹಳೆಯ ಟ್ಯುಟೋರಿಯಲ್ ನೋಡಿ ಹಾಕಬೇಡಿ. ಒಂದೊಂದು ಆವೃತ್ತಿಗೆ ಸುಮಾರು ಎರಡು ವರ್ಷ ಆಯುಷ್ಯ. 2025ರ ಆಗಸ್ಟ್ 31ರ ನಂತರ 7ಕ್ಕಿಂತ ಕೆಳಗಿನದಕ್ಕೆ ಬಾಗಿಲು ಮುಚ್ಚಿದೆ.

ಲೆಕ್ಕದಪುಸ್ತಕ

ತೆರಿಗೆ ಚುಟುಕಾಗಿ. ಸೇವೆಗಳ ಜಿಎಸ್‌ಟಿ ನೋಂದಣಿ ಮಿತಿ ವರ್ಷಕ್ಕೆ 20 ಲಕ್ಷ. ಕ್ಲಾಸ್ ಫೀ, ನೋಟ್ಸ್, ಪ್ಲೇ ಗಳಿಕೆ ಎಲ್ಲ ಒಂದೇ ಪ್ಯಾನ್ ಅಡಿ ಕೂಡುತ್ತವೆ, ಬೇರೆ ಬೇರೆ ಅಲ್ಲ. ನೋಂದಣಿಯಾದ ಮೇಲೆ 99 ಎಂದರೆ ತೆರಿಗೆ ಸೇರಿದ ಬೆಲೆ: ಮೂಲ ಬೆಲೆ 83.90, ತೆರಿಗೆ 15.10. ಆ ದಿನ 99ನ್ನು ಹಾಗೇ ಇಟ್ಟರೆ ಕಮಿಷನ್ನಿಗಿಂತ ದೊಡ್ಡ ಏಟು ಇದೇ ಕೊಡುತ್ತದೆ. ಆನ್‌ಲೈನ್ ಅಂಗಡಿ ಮೂಲಕದ ಮಾರಾಟಕ್ಕೆ ಕಡಿಯುವ ಟಿಡಿಎಸ್ 2024ರ ಅಕ್ಟೋಬರ್ 1ರಿಂದ ಶೇ 1ರಿಂದ 0.1ಕ್ಕೆ ಇಳಿದಿದೆ. ಪ್ಯಾನ್ ಕೊಡದವರಿಗೆ ಶೇ 5. ಪ್ಯಾನ್ ಕೊಡಿ.

ಜಗತ್‌ಸರ್ಕಲ್

ಐಫೋನ್‌ನಾಗ ಹೊರಗಿನ ಲಿಂಕ್ ಹಾಕಬಹುದು, ಕಮಿಷನ್ ಇಲ್ಲ ಅಂತ ಕೋರ್ಟ್ ಹೇಳ್ಯದಲ್ರಿ? ಅದನ್ನರೆ ಹಾಕ್ರಿ.

ಬಿದ್ರಿಬೈಟ್

ಎಪಿಕ್ ಗೇಮ್ಸ್ ಕಂಪನಿ ಆ್ಯಪಲ್ ಮೇಲೆ ಹೂಡಿದ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ಬಂದ ಆ ಆದೇಶ ಅಮೆರಿಕದ ಸ್ಟೋರ್‌ಫ್ರಂಟ್‌ಗೆ, ಅಂದರೆ ಆ ದೇಶದ ಆ್ಯಪ್ ಸ್ಟೋರ್‌ಗೆ. ಕಲಬುರಗಿಯ ಐಫೋನ್ ಭಾರತದ ಸ್ಟೋರ್‌ಫ್ರಂಟ್‌ನದು. ಆ ಸುದ್ದಿ ನಂಬಿ ಇಲ್ಲಿ ಲಿಂಕ್ ಹಾಕಿದರೆ ತಿರಸ್ಕಾರ.

ಆ್ಯಪಲ್‌ನಲ್ಲೂ ವರ್ಷಕ್ಕೆ 10 ಲಕ್ಷ ಡಾಲರ್ ಒಳಗಿನವರಿಗೆ ಶೇ 15, ಸ್ಮಾಲ್ ಬಿಸಿನೆಸ್ ಪ್ರೋಗ್ರಾಂಗೆ ಅರ್ಜಿ ಹಾಕಿದರೆ. ಜೊತೆಗೆ ವರ್ಷಾವರ್ಷ 99 ಡಾಲರ್ ಸದಸ್ಯತ್ವ. ಪ್ಲೇಗೆ ಒಮ್ಮೆ 25 ಡಾಲರ್ ಕಟ್ಟಿದರೆ ಮುಗಿಯಿತು. ನೇರ ಪಾಠ ಮಾಡುವವರಿಗೆ ಆ್ಯಪಲ್‌ನಲ್ಲಿ ಒಂದು ಸೂಕ್ಷ್ಮ ಇದೆ: ಒಬ್ಬ ಮೇಷ್ಟ್ರು, ಒಬ್ಬನೇ ವಿದ್ಯಾರ್ಥಿ, ಲೈವ್ ಆಗಿದ್ದರೆ ಹೊರಗಿನ ಪಾವತಿ ನಡೆಯುತ್ತದೆ. ಅದೇ ಲೈವ್ ಪಾಠಕ್ಕೆ ಎರಡನೇ ವಿದ್ಯಾರ್ಥಿ ಕೂತರೆ ಆ್ಯಪಲ್ ಬಿಲ್ಲಿಂಗ್ ಬೇಕು. ಪರೀಕ್ಷಾರ್ಥಿಗಳ ಕೈಯಲ್ಲಿ ಐಫೋನ್ ಎಷ್ಟಿವೆ ಎಂದು ಮೊದಲು ನಿಮ್ಮ ಸೈಟಿನ ಅಂಕಿ ನೋಡಿ, ಆಮೇಲೆ 99 ಡಾಲರ್ ಯೋಚನೆ.

ತೊಗರಿಕೋಡ್

ಸರಿ. ಅಕೌಂಟ್ ಗ್ರೂಪ್ ನೋಂದಣಿ, ಟೆಸ್ಟ್-ವಿಡಿಯೊ ತಿಂಗಳ ಪ್ರೀಪೇಯ್ಡ್, ನೋಟ್ಸ್ ಮತ್ತ ಕ್ಲಾಸ್ ಫೀ ಬೇರೆ ಕಾರ್ಟ್, 249ರ ಕಟ್ಟು ರದ್ದು, ಸರ್ವರ್‌ನಿಂದ ಅಕ್ನಾಲೆಜ್. ಕ್ಲಾಸಿನ ಹುಡುಗರಿಗೆ ಸೈಟಿನ ಬೆಲೆ ಪೋಸ್ಟರ್‌ನಾಗ 89, ಆ್ಯಪ್‌ನಾಗ 99. ಬೆಲೆ ಬೇರೆ ಇದ್ರ ನಡೀತದ?

ಬಿದ್ರಿಬೈಟ್

ನಡೆಯುತ್ತದೆ. ಪೋಸ್ಟರಿನ 89 ಆ್ಯಪ್‌ನ ಯಾವ ಪರದೆಗೂ ಬರದಿದ್ದರೆ ಸಾಕು, ಪುಶ್ ನೋಟಿಫಿಕೇಶನ್‌ನಲ್ಲೂ ಬೇಡ.

ಶಹಾಪುರಬೆಟ್ಟ

ಕನ್ಸೋಲ್‌ನಲ್ಲಿ ಪ್ರಾಡಕ್ಟ್ ಐಡಿಗೆ (ಮಾರುವ ಸರಕಿನ ಗುರುತಿಗೆ) "ಟೆಸ್ಟ್ 99" ಅಂತ ಹೆಸರಿಡಬೇಡಿ. ಒಮ್ಮೆ ಕೊಟ್ಟ ಐಡಿ ಬದಲಾಗುವುದಿಲ್ಲ, ಅಳಿಸಿದರೂ ಮತ್ತೆ ಬಳಸಲು ಬರುವುದಿಲ್ಲ. ಮುಂದೆ ಬೆಲೆ 129 ಆದಾಗ ಕೋಡ್‌ನಲ್ಲಿ 99 ಅಂತಲೇ ಕೂತಿರುತ್ತದೆ.